ಅರೆಯುವುದು ಅಂದರೆ ಬರೀ ಪುಡಿ ಮಾಡುವುದಲ್ಲ

ಒರಳಲ್ಲಿ ರುಬ್ಬಿದ ಹಿಟ್ಟಿನ ಇಡ್ಲಿಯೂ ಮಿಕ್ಸಿ ಹಿಟ್ಟಿನ ಇಡ್ಲಿಯೂ ಒಂದೇ ಥರ ಬರಲ್ಲ ಅನ್ನೋದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಆದರೆ ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ ಆಕ್ಸೈಡ್ ಪುಡಿ ಅರೆಯುವ ಕೆಲಸಕ್ಕೆ ಸಿಗುವುದು ಒಂದೇ ಸಾಲು: "ಬಾಲ್ ಮಿಲ್‌ನಲ್ಲಿ 10 ಗಂಟೆ ಅರೆಯಲಾಯಿತು." ಇದು ಸಾಲದು ಅನ್ನೋದು ನಮ್ಮ ವಾದ.

ಜಿಂಕ್ ಆಕ್ಸೈಡ್ ತಗೊಳ್ಳಿ. ಸ್ಪೈಕ್ ಗಾರ್ಡ್‌ಗಳಲ್ಲಿ ಬಳಸುವ ವ್ಯಾರಿಸ್ಟರ್‌ನಲ್ಲಿ ಮುಖ್ಯವಾಗಿ ಇರುವುದು ಇದೇ. ಮಿಲ್‌ನಲ್ಲಿ ಗುಂಡುಗಳು ಬಡಿದಾಗ ಇದರ ಕಣ ಸಣ್ಣದಾಗುವುದಷ್ಟೇ ಅಲ್ಲ, ಒಳಗಿನ ಪರಮಾಣುಗಳ ಸಾಲೂ ತಪ್ಪುತ್ತದೆ. ಡಿಸ್‌ಲೊಕೇಶನ್ ಹುಟ್ಟುತ್ತವೆ, ಕೆಲವು ಕಡೆ ಆಕ್ಸಿಜನ್ ಜಾಗ ಖಾಲಿಯಾಗುತ್ತದೆ, ಹೊಸ ಮೇಲ್ಮೈ ತೆರೆದುಕೊಳ್ಳುತ್ತದೆ. ಆ ಮೇಲ್ಮೈಗೆ ಗಾಳಿಯ ಆಕ್ಸಿಜನ್ ಅಂಟಿ ಎಲೆಕ್ಟ್ರಾನ್‌ಗಳನ್ನು ಹಿಡಿದುಕೊಂಡರೆ ರೆಸಿಸ್ಟೆನ್ಸ್ ಏರುತ್ತದೆ. ಸ್ಟೀಲ್ ಗುಂಡು ಸವೆದರೆ ಪುಡಿಗೆ ಕಬ್ಬಿಣವೂ ಸೇರುತ್ತದೆ. ಹೀಗಾಗಿ ಒಂದೇ ಬಾಟಲಿಯ ಪುಡಿಯನ್ನು ಇಬ್ಬರು ಬೇರೆ ಬೇರೆ ಥರ ಅರೆದರೆ ರೀಡಿಂಗ್ ಕೂಡ ಬೇರೆ ಬರಬಹುದು. ಅದನ್ನು 'ಎಕ್ಸ್‌ಪೆರಿಮೆಂಟಲ್ ಎರರ್' ಅಂತ ಬರೆದು ಕೈ ತೊಳೆದುಕೊಂಡರೆ, ಪುಡಿ ಹೇಳಲು ಹೊರಟ ಮಾತನ್ನೇ ನಾವು ಅಳಿಸಿದ ಹಾಗೆ.

ಆಮೇಲೆ ಬಿಸಿ ಮಾಡಿದರೆ ಎಲ್ಲ ಸರಿಹೋಗುತ್ತೆ ಅಲ್ವಾ ಅಂತ ಕೇಳಬಹುದು. ಅರ್ಧ ನಿಜ. ಅನೀಲಿಂಗ್‌ನಲ್ಲಿ ಬಹಳಷ್ಟು ಡಿಫೆಕ್ಟ್‌ಗಳು ಕಡಿಮೆಯಾಗುತ್ತವೆ, ಆದರೆ ಜೊತೆಗೆ ಗ್ರೇನ್ ಬೆಳೆಯುತ್ತದೆ, ಸೇರಿದ ಕಬ್ಬಿಣ ಹೋಗುವುದಿಲ್ಲ. ವ್ಯಾರಿಸ್ಟರ್‌ನಲ್ಲಿ ಎರಡು ಗ್ರೇನ್‌ಗಳ ನಡುವಿನ ಒಂದೊಂದು ಗಡಿಯೂ ಸುಮಾರು 3 ವೋಲ್ಟ್ ತಡೆಯುತ್ತದೆ. ಅದೇ ದಪ್ಪದಲ್ಲಿ ಗ್ರೇನ್ ದೊಡ್ಡದಾದರೆ ಗಡಿಗಳು ಕಡಿಮೆ, ತಡೆಯುವ ವೋಲ್ಟೇಜೂ ಕಡಿಮೆ.

ಎಕ್ಸ್‌ಆರ್‌ಡಿ ಲೆಕ್ಕದಲ್ಲೂ ಇದೇ ತೊಂದರೆ. ಕಣ ಸಣ್ಣದಾದರೂ ಪೀಕ್ ಅಗಲವಾಗುತ್ತದೆ, ಒಳಗೆ ಸ್ಟ್ರೇನ್ ಇದ್ದರೂ ಅಗಲವಾಗುತ್ತದೆ. ಬರೀ ಶೆರರ್ ಸೂತ್ರ ಹಾಕಿದರೆ ಸ್ಟ್ರೇನ್‌ನ ಪಾಲೂ ಸೈಜ್‌ನ ಖಾತೆಗೇ ಬಿದ್ದು, ಇರುವುದಕ್ಕಿಂತ ಚಿಕ್ಕ ಸೈಜ್ ಸಿಗುತ್ತದೆ. ವಿಲಿಯಮ್ಸನ್-ಹಾಲ್ ಪ್ಲಾಟ್ ಎರಡನ್ನೂ ಬೇರೆ ಮಾಡಿ ಅಂದಾಜು ಕೊಡುತ್ತದೆ. ಅದಕ್ಕೆ ಬೇಕಾಗಿರುವುದು ಗ್ರಾಫ್ ಶೀಟ್ ಮತ್ತು ಅರ್ಧ ಗಂಟೆ.

ಹಾಗಾಗಿ ನಾವು ಕೇಳುವುದು ಇಷ್ಟೇ. ಗುಂಡು ಯಾವುದರದ್ದು, ಗುಂಡು-ಪುಡಿ ತೂಕದ ಅನುಪಾತ ಎಷ್ಟು, ಆರ್‌ಪಿಎಂ ಎಷ್ಟು, ಎಷ್ಟು ಹೊತ್ತು, ಒಣಗಿಸಿ ಅರೆದಿದ್ದೋ ಒದ್ದೆಯಾಗಿಯೋ ಅಂತ ರೆಕಾರ್ಡ್‌ನಲ್ಲಿ ಬರೆಯೋಣ. ಅರೆಯದ ಪುಡಿಯ ಒಂದು ಸ್ಯಾಂಪಲ್ ಕೂಡ ಅಳೆಯೋಣ. ಮುಂದಿನ ವರ್ಷ ಅದೇ ಪ್ರಾಜೆಕ್ಟ್ ಹಿಡಿಯುವ ಜೂನಿಯರ್‌ಗಳಿಗೆ ನಮ್ಮ ರೀಡಿಂಗ್ ಉಪಯೋಗಕ್ಕೆ ಬರಬೇಕಾದರೆ ಇಷ್ಟಾದರೂ ಬೇಕು.