ಹೊಲದ ಅಂಚು, ಹಿಡಿ ತೆನೆ

ಧರ್ಮಶಾಸ್ತ್ರ ಬೇರೆ, ಪ್ರೀತಿ ಬೇರೆ ಎಂದು ಹಲವರು ತಿಳಿದಿರುವರು. ಶಾಸ್ತ್ರವು ಕಲ್ಲಿನಲ್ಲಿ ಕೊರೆದದ್ದು, ಆದುದರಿಂದ ಕಠಿಣ. ಪ್ರೀತಿಯು ಹೃದಯದಲ್ಲಿ ಹುಟ್ಟುವುದು, ಆದುದರಿಂದ ಮೃದು. ಕ್ರಿಸ್ತನು ಬಂದು ಒಂದನ್ನು ತೆಗೆದು ಇನ್ನೊಂದನ್ನು ಇಟ್ಟನು ಎಂಬುದು ಕ್ರೈಸ್ತರಲ್ಲಿಯೂ ಇತರರಲ್ಲಿಯೂ ಆಗಾಗ್ಗೆ ಕೇಳಿಬರುವ ಮಾತು. ಇದು ಎಷ್ಟರಮಟ್ಟಿಗೆ ನಿಜವೆಂಬುದನ್ನು, ವಾಚಕರೇ, ಈ ತಿಂಗಳು ವಿಚಾರಿಸೋಣ.

ಆಜ್ಞೆಗಳಲ್ಲಿ ಮುಖ್ಯವಾದುದು ಯಾವುದೆಂದು ಶಾಸ್ತ್ರಿಯೊಬ್ಬನು ಕೇಳಿದಾಗ ಯೇಸುವು ದೇವರ ಮೇಲಣ ಪ್ರೀತಿಯನ್ನೂ ನೆರೆಯವನ ಮೇಲಣ ಪ್ರೀತಿಯನ್ನೂ ಒಟ್ಟುಗೂಡಿಸಿ ಉತ್ತರವಿತ್ತನೆಂದು ಮಾರ್ಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿದೆ. ಇವೆರಡೂ ಹೊಸ ಮಾತುಗಳಲ್ಲ. ಮೊದಲನೆಯದು ಧರ್ಮೋಪದೇಶಕಾಂಡದ 6ನೆಯ ಅಧ್ಯಾಯದ್ದು. ಎರಡನೆಯದು ಯಾಜಕಕಾಂಡದ 19ನೆಯ ಅಧ್ಯಾಯದ್ದು. ಪ್ರೀತಿಯು ಮೋಶೆಯ ಶಾಸ್ತ್ರದಲ್ಲಿಯೇ ಒಂದು ಆಜ್ಞೆಯೆಂದಾಯಿತು.

ಆ 19ನೆಯ ಅಧ್ಯಾಯದಲ್ಲಿ ಈ ಆಜ್ಞೆಯ ನೆರೆಹೊರೆಯಲ್ಲಿ ಇರುವುದೇನು? ಪೈರು ಕೊಯ್ಯುವಾಗ ಹೊಲದ ಅಂಚನ್ನು ಬಿಡಬೇಕು. ಹಕ್ಕಲನ್ನು ಬಡವರಿಗೂ ಪರದೇಶಸ್ಥರಿಗೂ ಉಳಿಸಬೇಕು. ತೂಕವೂ ಅಳತೆಯೂ ಸರಿಯಾಗಿರಬೇಕು. ಕೂಲಿಯವನ ಕೂಲಿಯನ್ನು ಮರುದಿನದ ಬೆಳಗಿನವರೆಗೆ ಇಟ್ಟುಕೊಳ್ಳಬಾರದು. ಪ್ರೀತಿಯು ಬರಿಯ ಭಾವನೆಯಾಗಿ ಆವಿಯಾಗದಂತೆ ಶಾಸ್ತ್ರವು ಅದಕ್ಕೆ ಕೈಕಾಲುಗಳನ್ನು ಕೊಟ್ಟಿತು.

ಆದರೆ ಶಾಸ್ತ್ರವು ಅಂಚಿನವರೆಗೆ ಮಾತ್ರ ಕೊಂಡೊಯ್ಯಬಲ್ಲದು. ಮೋವಾಬ್ ದೇಶದ ವಿಧವೆಯಾದ ರೂತಳು ತನ್ನ ಅತ್ತೆ ನೊವೊಮಿಯೊಡನೆ ಬೇತ್ಲೆಹೇಮಿಗೆ ಬಂದು, ಜವೆಗೋಧಿಯ ಸುಗ್ಗಿಯಲ್ಲಿ ಬೋವಜನ ಹೊಲದಲ್ಲಿ ಹಕ್ಕಲಾಯತೊಡಗಿದಳು. ಆಕೆಯನ್ನು ತಡೆಯದಿದ್ದರೆ ಬೋವಜನು ಶಾಸ್ತ್ರಕ್ಕೆ ತಪ್ಪಿದವನಾಗುತ್ತಿರಲಿಲ್ಲ. ಅವನು ಅಷ್ಟಕ್ಕೆ ನಿಲ್ಲದೆ ಆಕೆಗೆ ನೀರಿನ ಅನುಕೂಲ ಮಾಡಿದನು. ಕೊಯ್ಯುವವರ ಪಂಕ್ತಿಯಲ್ಲಿ ಊಟಕ್ಕೆ ಕುಳ್ಳಿರಿಸಿದನು. ಸಿವುಡುಗಳಿಂದ ತೆನೆಗಳನ್ನು ಬೇಕೆಂದೇ ಉದುರಿಸಿಹೋಗಬೇಕೆಂದೂ ಆಕೆಯನ್ನು ಗದರಿಸಕೂಡದೆಂದೂ ಆಳುಗಳಿಗೆ ಅಪ್ಪಣೆಮಾಡಿದನು. ಪಡೆದವಳ ಮಾನ ಕುಗ್ಗದಂತೆ ಕೊಟ್ಟನು. ಅಂಚನ್ನು ಉಳಿಸಿದ್ದು ಶಾಸ್ತ್ರ. ಹಿಡಿ ತೆನೆಯನ್ನು ಉದುರಿಸಿದ್ದು ಪ್ರೀತಿ. ಆದರೂ ಆ ಶಾಸ್ತ್ರವಿಲ್ಲದಿದ್ದರೆ ರೂತಳಿಗೆ ಹೊಲದಲ್ಲಿ ಕಾಲಿಡುವ ಹಕ್ಕೇ ಇರುತ್ತಿರಲಿಲ್ಲ. ಹಕ್ಕಲಾಯ್ದ ಈಕೆಯ ಹೆಸರನ್ನು ಮತ್ತಾಯನು ಕ್ರಿಸ್ತನ ವಂಶಾವಳಿಯಲ್ಲಿಯೇ ಬರೆದಿಟ್ಟಿರುವನು.

ಪ್ರೀತಿಯಿಲ್ಲದ ಶಾಸ್ತ್ರವು ಏನಾಗುವುದೆಂಬುದನ್ನು ಮಾರ್ಕನ 7ನೆಯ ಅಧ್ಯಾಯವು ತೋರಿಸುವುದು. ತಂದೆತಾಯಿಗಳಿಗೆ ಸಲ್ಲಬೇಕಾದುದನ್ನು ಕೊರ್ಬಾನ್, ಅಂದರೆ ದೇವರಿಗೆ ಮೀಸಲು, ಎಂದು ಹೇಳಿ ಅವರನ್ನು ಕೈಬಿಡಲು ಎಡೆಗೊಟ್ಟ ಬೋಧಕರನ್ನು ಯೇಸು ಖಂಡಿಸಿದನು. ದೇವರ ಹೆಸರಿನಿಂದಲೇ ದೇವರ ಆಜ್ಞೆಯನ್ನು ಮುರಿದಂತಾಗಿತ್ತು.

ಇದಕ್ಕೆ ಎದುರಾದ ತಪ್ಪು ನಮ್ಮಂತಹ ಗೃಹಸ್ಥರಲ್ಲಿ ಹೆಚ್ಚು. ಒಂದು ವರ್ಷ ಹಬ್ಬಕ್ಕೆ ನಮ್ಮ ಮನೆಗೆಲಸದಾಕೆಗೆ ಸೀರೆ ಕೊಟ್ಟೆವು. ಮನೆಮಗಳಂತೆ ನೋಡಿಕೊಳ್ಳುತ್ತೇವೆಂದು ನಾಲ್ವರೆದುರಿಗೆ ಹೇಳಿಯೂ ಕೊಂಡೆವು. ಆ ತಿಂಗಳ ಸಂಬಳವನ್ನು ಮಾತ್ರ, ಹಬ್ಬದ ಖರ್ಚಿನ ನೆವದಿಂದ, ಹತ್ತು ದಿನ ಮುಂದೂಡಿದೆವು. ಹನ್ನೊಂದನೆಯ ದಿನ ಆಕೆ ಮಡಿಕೆ ಬಿಚ್ಚದ ಸೀರೆಯನ್ನು ತಂದು ನನ್ನ ಪತ್ನಿಯ ಮುಂದಿಟ್ಟು, “ಅಮ್ಮಾವ್ರೆ, ಇದು ನಿಮ್ಮತ್ರಾನೇ ಇರ್ಲಿ, ಸೀರೆ ತೋರ್ಸಿದ್ರೆ ಅಂಗಡಿಯವರು ಅಕ್ಕಿ ಕೊಡಾಕಿಲ್ಲ” ಎಂದಳು. ನಮಗೆ ಉತ್ತರ ತೋಚಲಿಲ್ಲ. ಸಂಬಳ ಆಕೆಯ ಹಕ್ಕು. ಸೀರೆ ನಮ್ಮ ಇಚ್ಛೆ. ಹಕ್ಕನ್ನು ತಡೆದು ಇಚ್ಛೆ ಬಂದುದನ್ನು ಕೊಟ್ಟ ನಾವು ಪ್ರೀತಿಸಿರಲಿಲ್ಲ. ಪ್ರೀತಿಸುವವರೆಂಬ ಹೆಸರನ್ನು ಆಕೆಯ ಹಣದಿಂದಲೇ ಕೊಂಡಿದ್ದೆವು.

ಪ್ರೀತಿಯು ಶಾಸ್ತ್ರವನ್ನು ನೆರವೇರಿಸುತ್ತದೆಂದು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯದಲ್ಲಿ ಬೋಧಿಸಿರುವನು. ಆ ಬೋಧನೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಅವನು ಅದನ್ನು ಆರಂಭಿಸುವುದು, ಸಲ್ಲತಕ್ಕವರಿಗೆ ಸಲ್ಲತಕ್ಕದ್ದನ್ನು ಸಲ್ಲಿಸಿ ಯಾರ ಋಣವನ್ನೂ ಉಳಿಸಿಕೊಳ್ಳದಿರಬೇಕೆಂಬ ಬುದ್ಧಿವಾದದಿಂದ ಎಂಬುದನ್ನು ಮರೆಯುವೆವು. ನೆರವೇರಿಸುವುದೆಂದರೆ ಅಳಿಸಿಹಾಕುವುದಲ್ಲ, ಶಾಸ್ತ್ರವು ಕೇಳಿದಷ್ಟನ್ನು ಸಲ್ಲಿಸಿ, ಅಲ್ಲಿಂದ ಮುಂದಕ್ಕೆ ನಡೆಯುವುದು.

ಅಂದಿನಿಂದ ನಮ್ಮ ಮನೆಯಲ್ಲಿ ತಿಂಗಳ ಮೊದಲನೆಯ ದಿನ ಬೆಳಗ್ಗೆ ಸಂಬಳ ಕೊಡುವ ಪದ್ಧತಿಯಿದೆ. ಸೀರೆ ಆಮೇಲೆ.