ಬಿರುಕುಬಿಟ್ಟ ಅಲ್ಯೂಮಿನಿಯಂ: ಬೆಸೆಯಬೇಕೆ, ಬದಲಾಯಿಸಬೇಕೆ?

ಹೆಬ್ಬಾಳ, ಯಲಹಂಕಗಳ ಕಡೆ ಓಡಾಡುವ ಕಾರಿನ ತಳಭಾಗ ಎತ್ತರದ ಹಂಪಿಗೋ ಕಲ್ಲಿಗೋ ತಗುಲಿ, ಇಂಜಿನ್ನಿನ ಆಯಿಲ್ ಚೇಂಬರ್ ಬಿರುಕುಬಿಡುವುದು ಅಪರೂಪವೇನಲ್ಲ. ಅನೇಕ ಕಾರುಗಳಲ್ಲಿ ಇದು ಎರಕದ ಅಲ್ಯೂಮಿನಿಯಮ್ಮಿನದು. "ಹೊಸದನ್ನೇ ಹಾಕಿಸಿ" ಎಂದು ಒಬ್ಬರು, "ಆರ್ಗಾನ್ ವೆಲ್ಡಿಂಗ್ ಸಾಕು" ಎಂದು ಇನ್ನೊಬ್ಬರು ಹೇಳುವರು. ಭಾಗವನ್ನು ಪರೀಕ್ಷಿಸದೆ ಕೊಡುವ ಈ ಎರಡು ಸಲಹೆಗಳೂ ವಿಜ್ಞಾನಕ್ಕೆ ಒಪ್ಪುವಂಥವಲ್ಲವೆಂಬುದು ನಮ್ಮ ಅಭಿಪ್ರಾಯ.

ಈ ಲೋಹವನ್ನು ಬೆಸೆಯುವುದು ಕಷ್ಟವೇಕೆ? ಗಾಳಿ ಸೋಕಿದೊಡನೆ ಅಲ್ಯೂಮಿನಿಯಂ ಆಕ್ಸೈಡಿನ ತೆಳುಪೊರೆಯನ್ನು ಹೊದೆಯುತ್ತದೆ. ಲೋಹವು ಸುಮಾರು 660 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗಿದರೆ, ಪೊರೆ ಕರಗಲು 2,000 ಡಿಗ್ರಿಗೂ ಮಿಗಿಲಾದ ಉಷ್ಣತೆ ಬೇಕು. ಪೊರೆ ಒಡೆಯದಿದ್ದರೆ ಒಳಗಿನ ಲೋಹ ನೀರಾದರೂ ಅಂಚುಗಳು ಒಂದಾಗಲಾರವು. ಆದುದರಿಂದಲೇ ಎ.ಸಿ. ವಿದ್ಯುತ್ತನ್ನು ಬಳಸುವರು. ಪ್ರವಾಹದ ಒಂದು ಅರೆಸುತ್ತು ಪೊರೆಯನ್ನು ಒಡೆಯುವುದು. ಇನ್ನೊಂದು ಲೋಹವನ್ನು ಕಾಯಿಸುವುದು. ಆರ್ಗಾನ್ ಅನಿಲ ಗಾಳಿಯನ್ನು ದೂರವಿಡುವುದು. ಬಿರುಕಿನಲ್ಲಿ ಎಣ್ಣೆಯಾಗಲಿ ತೇವವಾಗಲಿ ಉಳಿದಿದ್ದರೆ, ಅದರ ಹೈಡ್ರೋಜನ್ ಕರಗಿದ ಲೋಹವನ್ನು ಸೇರಿ, ಲೋಹ ಗಟ್ಟಿಯಾಗುವಾಗ ಗುಳ್ಳೆಗಳಾಗಿ ನಿಲ್ಲುತ್ತದೆ.

ಆಯಿಲ್ ಚೇಂಬರ್ ಬಹುಮಟ್ಟಿಗೆ ಭಾರ ಹೊರುವ ಭಾಗವಲ್ಲ. ಚೊಕ್ಕವಾಗಿ ಬೆಸೆದರೆ ಬಾಳೀತು. ಸಿಲಿಂಡರ್ ಹೆಡ್ಡಿನ ವಿಷಯ ಬೇರೆ. ಬಿಸಿಗೆ ಅಲ್ಯೂಮಿನಿಯಂ ಹಿಗ್ಗುವ ಪ್ರಮಾಣ ಬೀಡುಕಬ್ಬಿಣದ ಸುಮಾರು ಎರಡರಷ್ಟು. ಕಬ್ಬಿಣದ ಬ್ಲಾಕಿಗೆ ಬಿಗಿದ ಹೆಡ್, ರೇಡಿಯೇಟರಿನ ನೀರು ಬತ್ತಿ ಇಂಜಿನ್ ಮಿತಿಮೀರಿ ಕಾದಾಗ, ಡೊಂಕಾಗುತ್ತದೆ. ಡೊಂಕು ತಯಾರಕರು ಹೇಳಿದ ಮಿತಿಯೊಳಗಿದ್ದರೆ ಫೇಸಿಂಗ್ ಮಾಡಿಸಬಹುದು. ಮೀರಿದ್ದರೆ ಬದಲಾಯಿಸುವುದೇ ಲೇಸು. ಇಂಜಿನ್ನಿನ ಹೊರಗೆ, ಚಕ್ರವನ್ನು ಹಿಡಿದಿರುವ ಅಲ್ಯೂಮಿನಿಯಂ ತೋಳುಗಳನ್ನಂತೂ ಬೆಸೆಯಲೇಬಾರದು. ಉಷ್ಣೋಪಚಾರದಿಂದ ಅವಕ್ಕೆ ಬಂದ ಬಲ ಬೆಸುಗೆಯ ಶಾಖದಿಂದ ಕುಂದುವುದು. ಅಲ್ಲಿ ಹಣ ಉಳಿಸಲು ಹೋಗಿ ಪ್ರಾಣ ತೆರಬೇಕಾದೀತು.

ಹೊಸ ಭಾಗಕ್ಕೆ ತಯಾರಕರ ಭರವಸೆಯುಂಟು, ಚಿಂತೆಯಿಲ್ಲ ಎನ್ನುವವರ ಮಾತಿನಲ್ಲಿಯೂ ಹುರುಳಿದೆ. ಆದರೆ ಅಲ್ಯೂಮಿನಾದಿಂದ ಒಂದು ಕಿಲೋಗ್ರಾಂ ಅಲ್ಯೂಮಿನಿಯಂ ತೆಗೆಯಲು ಸುಮಾರು 14 ಯೂನಿಟ್ ವಿದ್ಯುತ್ತು ವ್ಯಯವಾಗುವುದು. ಗುಜರಿಯನ್ನು ಕರಗಿಸಿ ಮರಳಿ ಪಡೆಯಲು ಇದರ ಸುಮಾರು 20ರಲ್ಲೊಂದು ಪಾಲು ಶಕ್ತಿ ಸಾಕಾದರೂ, ಎರಕ, ಕಡೆತ, ಸಾಗಣೆಗಳ ವೆಚ್ಚ ತಪ್ಪದು. ಅಂಗೈಯಗಲದ ಬಿರುಕಿಗಾಗಿ ಇಷ್ಟೆಲ್ಲ ಶ್ರಮವನ್ನು ಗುಜರಿಗೆ ಹಾಕುವುದು ನಮಗೆ ಸರಿಯೆನಿಸದು.

ಪರೀಕ್ಷೆಯೇನೂ ದುಬಾರಿಯಲ್ಲ. ನೇರಪಟ್ಟಿಯೊಂದನ್ನು ಹೆಡ್ಡಿನ ಮೇಲಿಟ್ಟು, ಸಂದಿನಲ್ಲಿ ಫೀಲರ್ ಗೇಜನ್ನು ತೂರಿಸಿದರೆ ಡೊಂಕಿನ ಅಳತೆ ತಿಳಿಯುವುದು. ಕೆಂಪು ದ್ರವವನ್ನು ಸವರಿ, ಒರೆಸಿ, ಬಿಳಿಯ ಲೇಪ ಹಚ್ಚಿದರೆ ಕಣ್ಣಿಗೆ ಕಾಣದ ಬಿರುಕೂ ಕೆಂಪು ಗೆರೆಯಾಗಿ ಮೂಡುವುದು. ಇವನ್ನು ಕಣ್ಣೆದುರು ಮಾಡಿ ತೋರಿಸಿರೆಂದು ಕೇಳುವುದು ಗ್ರಾಹಕರ ಹಕ್ಕು.

ಭಾರತೀಯ ವಿಜ್ಞಾನ ಸಂಸ್ಥೆಯೂ, 1962ರಲ್ಲಿ ಸ್ಥಾಪಿತವಾದ ಸಿ.ಎಂ.ಟಿ.ಐ. ಸಂಸ್ಥೆಯೂ ಇರುವ ಯಶವಂತಪುರದ ಆಸುಪಾಸಿನಲ್ಲಿ ಲೋಹಜ್ಞಾನಕ್ಕೆ ಕೊರತೆಯಿಲ್ಲ. ಆಕ್ಸೈಡಿನ ಪಾಠವನ್ನು ಓದಿದ ವಿದ್ಯಾರ್ಥಿಗಳು, ಮನೆಯ ಕಾರು ಗ್ಯಾರೇಜಿಗೆ ಹೋದಾಗ ಹಿರಿಯರೊಡನೆ ತಾವೂ ಹೋಗಿ, ಬಿರುಕು ಎಲ್ಲಿದೆ, ಆ ಭಾಗ ಹೊರುವ ಭಾರವೆಷ್ಟು ಎಂದು ಕೇಳಲಿ.