ನೀರು ತುಂಬುವ ಹಬ್ಬಕ್ಕೆ ಮುಂಚೆ ಬಚ್ಚಲಿನ ನಲ್ಲಿ ನೋಡಿ

ದೀಪಾವಳಿ ಹತ್ತಿರ ಬಂತು. ನೀರು ತುಂಬುವ ಹಬ್ಬದ ಸಂಜೆ ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಮರುದಿನ ಬೆಳಕು ಹರಿಯುವ ಮೊದಲೇ ಮನೆಮಂದಿಯೆಲ್ಲ ಎಣ್ಣೆ ಹಚ್ಚಿಕೊಂಡು ಮೀಯುವುದು ನಮ್ಮ ಪದ್ಧತಿ. ಅಲ್ಲಿಂದ ಶಿವರಾತ್ರಿ ಕಳೆಯುವ ತನಕ ಬಚ್ಚಲಲ್ಲಿ ಬಿಸಿನೀರಿನದೇ ರಾಜ್ಯ. ಮನೆಯ ಹಿರಿಯರ ಮಟ್ಟಿಗೆ ಎಚ್ಚರವಾಗಿರಬೇಕಾದ ಕಾಲವೂ ಇದೇ.

ಹಂಡೆಯ ನೀರೇನು ಕಡಿಮೆ ಸುಡುತ್ತಿರಲಿಲ್ಲ. ಆದರೆ ಅದು ನೇರವಾಗಿ ಮೈಮೇಲೆ ಬೀಳುತ್ತಿರಲಿಲ್ಲ. ಬಕೆಟ್ಟಿಗೆ ಮೊದಲು ತಣ್ಣೀರು ಹಾಕಿ, ಅದಕ್ಕೆ ಕಾದ ನೀರು ಬೆರೆಸಿ, ಕೈಯಾಡಿಸಿ, ‘ಹದವಾಗಿದೆ, ಬನ್ನಿ ಅತ್ತೆ’ ಎಂದು ಯಾರೋ ಒಬ್ಬರು ಕರೆಯುತ್ತಿದ್ದರು. ಈಗ ಹದ ಮಾಡುವ ಕೆಲಸ ಗೋಡೆಯೊಳಗಿನ ಪೈಪಿಗೆ ಹೋಗಿದೆ. ಕೈ ಹಾಕಿ ನೋಡುವವರು ಯಾರೂ ಇಲ್ಲ.

ಬೆಂಗಳೂರಿನಲ್ಲಿ ಒಂದು ಅಳತೆ ಮೀರಿದ ಹೊಸ ಮನೆಗಳಿಗೆ ಸೋಲಾರ್ ಕಡ್ಡಾಯವಾದ ಮೇಲೆ ಈ ತೊಂದರೆ ಹೆಚ್ಚಿದೆ. ಮಹಡಿಯ ಮೇಲಿನ ಟ್ಯಾಂಕಿನಿಂದ ಕೆಳಗಿನ ಬಚ್ಚಲಿಗೆ ಪೈಪು ಉದ್ದ. ಎಪ್ಪತ್ತೈದು ದಾಟಿದ ಅಜ್ಜಿ ನಲ್ಲಿ ತಿರುಗಿಸುತ್ತಾರೆ, ತಣ್ಣೀರು ಬರುತ್ತದೆ. ಇನ್ನಷ್ಟು ತಿರುಗಿಸುತ್ತಾರೆ, ಆಗಲೂ ತಣ್ಣೀರೇ. ಪೂರ್ತಿ ತಿರುಗಿಸಿ ಶವರಿನ ಕೆಳಗೆ ನಿಲ್ಲುತ್ತಾರೆ. ಪೈಪಿನಲ್ಲಿದ್ದ ತಣ್ಣೀರು ಮುಗಿದ ಕ್ಷಣ, ಮೇಲಿನ ಸುಡುನೀರು ಒಮ್ಮೆಲೇ ತಲೆಯ ಮೇಲೆ ಇಳಿಯುತ್ತದೆ. ಕೆಲವೊಮ್ಮೆ ಹದವಾಗಿ ಬರುತ್ತಿರುವಾಗಲೇ ಅಡುಗೆಮನೆಯಲ್ಲಿ ಯಾರೋ ತಣ್ಣೀರಿನ ನಲ್ಲಿ ತೆರೆಯುತ್ತಾರೆ. ಇಲ್ಲಿ ಒತ್ತಡ ಕುಸಿದು ಶವರಿನಲ್ಲಿ ಬಿಸಿನೀರಷ್ಟೇ ಉಳಿಯುತ್ತದೆ. ಕಣ್ಣಲ್ಲಿ ಸೋಪು, ಕಾಲಡಿ ಎಣ್ಣೆ. ಪಕ್ಕಕ್ಕೆ ಸರಿಯಲು ಅವರಿಗೆ ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕಿ.

ಏಕೆಂದರೆ ಸಮಯ ತೀರ ಕಡಿಮೆ. 60 ಡಿಗ್ರಿ ಸೆಲ್ಸಿಯಸ್ ನೀರು ವಯಸ್ಕರ ಚರ್ಮವನ್ನು ಐದಾರು ಸೆಕೆಂಡಿನಲ್ಲಿ ಆಳವಾಗಿ ಸುಡಬಲ್ಲದು. 54 ಡಿಗ್ರಿಗೆ ಅರ್ಧ ನಿಮಿಷ, 49ಕ್ಕೆ ಸುಮಾರು ಐದು ನಿಮಿಷ ಬೇಕು. ವಯಸ್ಸಾದವರ ಚರ್ಮ ತೆಳು, ಅವರಿಗೆ ಅಷ್ಟೂ ಬೇಡ. ಬಿಸಿಲು ಚುರುಕಾದ ದಿನ ಸೋಲಾರ್ ನೀರು 60 ದಾಟುವುದು ಮಾಮೂಲು.

ಸುಟ್ಟರೆ ಗೊತ್ತಾಗುವುದಿಲ್ಲವೇ ಎಂದು ಕೇಳಬಹುದು. ಎಷ್ಟೋ ಹಿರಿಯರಿಗೆ ಗೊತ್ತಾಗುವುದಿಲ್ಲ. ವರ್ಷಗಟ್ಟಲೆ ಸಕ್ಕರೆ ಕಾಯಿಲೆ ಇದ್ದವರ ಪಾದದ ನರಗಳು ಮಂದವಾಗಿ, ಬೊಬ್ಬೆ ಎದ್ದ ಮೇಲೆ ಕಣ್ಣಿಗೆ ಕಂಡಾಗಲೇ ಸುಟ್ಟದ್ದು ತಿಳಿಯುತ್ತದೆ. ಹಾಗಾಗಿ ‘ನಂಗೇನೂ ಬಿಸಿ ಅನ್ಸಲ್ಲ, ಇನ್ನೂ ಸ್ವಲ್ಪ ಕಾಯ್ಲಿ’ ಎಂಬ ಮಾತನ್ನು ಒಪ್ಪಿಗೆ ಎಂದುಕೊಳ್ಳಬೇಡಿ. ಅದೇ ಮೊದಲ ಸೂಚನೆ.

ಸುಡದಷ್ಟು ಬಿಸಿಯೂ ನಿರಪಾಯವಲ್ಲ. ಬಿಸಿಗೆ ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತದೆ. ಬಿಪಿ ಮಾತ್ರೆ ನುಂಗುವವರು ಮಣೆಯಿಂದ ಎದ್ದ ಕೂಡಲೇ ಕಣ್ಣು ಕತ್ತಲೆ ಬಂದು ಬೀಳುತ್ತಾರೆ. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಮತ್ತೆ ಮೊದಲಿನಂತೆ ಓಡಾಡುವವರು ಕಡಿಮೆ. ಹಾಗೆಂದು ಬೀದರ್, ವಿಜಯಪುರದ ಡಿಸೆಂಬರ್ ಚಳಿಯಲ್ಲಿ ತಣ್ಣೀರೂ ಸಲ್ಲದು, ಅದು ಬಿಪಿಯನ್ನು ತಟ್ಟನೆ ಏರಿಸುತ್ತದೆ.

ನಮ್ಮ ಸಲಹೆ ಇಷ್ಟು: ಮೈಮೇಲೆ ಬೀಳುವ ನೀರು 37ರಿಂದ 40 ಡಿಗ್ರಿಯೊಳಗಿರಲಿ. ಬ್ರಿಟನ್ನಿನ ಆಸ್ಪತ್ರೆ, ಆರೈಕೆ ಕೇಂದ್ರಗಳಲ್ಲಿ ಶವರಿಗೆ 41 ಡಿಗ್ರಿಯೇ ಮಿತಿ. ಟ್ಯಾಂಕಿನ ನೀರನ್ನೇ ಅಷ್ಟಕ್ಕೆ ಇಳಿಸಲು ಹೋಗಬೇಡಿ. ಬೆಚ್ಚಗೆ ನಿಂತ ನೀರಿನಲ್ಲಿ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆದು ಶ್ವಾಸಕೋಶಕ್ಕೆ ಸೋಂಕು ತರಬಲ್ಲದು. ಟ್ಯಾಂಕಿನಲ್ಲಿ ಕಾಯಲಿ, ನಲ್ಲಿಯ ಬಳಿ ಹದವಾಗಲಿ. ಅದಕ್ಕೆಂದೇ ಥರ್ಮೋಸ್ಟಾಟಿಕ್ ಮಿಕ್ಸರ್ ಸಿಗುತ್ತದೆ, ತಣ್ಣೀರು ನಿಂತರೆ ಅದು ಬಿಸಿನೀರನ್ನೂ ತಡೆಯುತ್ತದೆ. ಬೆಲೆ ಹೆಚ್ಚು, ನಿಜ. ಆಗದಿದ್ದರೆ ಶವರ್ ಬಿಟ್ಟು ಬಕೆಟ್ಟು ಚೊಂಬಿಗೇ ಮರಳಿ: ತಣ್ಣೀರು ಮೊದಲು, ಬಿಸಿನೀರು ಆಮೇಲೆ, ಬೆರೆಸಿದ ಮೇಲೆ ಚೆನ್ನಾಗಿ ಸ್ಪರ್ಶ ತಿಳಿಯುವವರೊಬ್ಬರು ಮೊಣಕೈ ಅದ್ದಿ ನೋಡಲಿ. ಕೂರಲು ಅಲುಗಾಡದ ಸ್ಟೂಲ್ ಇರಲಿ. ಹಿರಿಯರು ಒಳಗಿನಿಂದ ಚಿಲಕ ಹಾಕುವುದು ಬೇಡ.

ಗ್ಯಾಸ್ ಗೀಸರ್ ಬಚ್ಚಲೊಳಗೇ ಇದ್ದರೆ ಅದನ್ನು ಹೊರಗೆ ಹಾಕಿಸಿ. ಗಾಳಿಯಾಡದ ಕೋಣೆಯಲ್ಲಿ ಅದರ ಕಾರ್ಬನ್ ಮಾನಾಕ್ಸೈಡ್ ವಾಸನೆಯೂ ಇಲ್ಲದೆ ಜೀವ ತೆಗೆಯುತ್ತದೆ.

ಹಬ್ಬಕ್ಕೆ ಎಣ್ಣೆ, ಸೀಗೆಪುಡಿ ತರುವಾಗ 100 ಡಿಗ್ರಿವರೆಗೆ ತೋರಿಸುವ ಅಡುಗೆಯ ಥರ್ಮಾಮೀಟರನ್ನೂ ತನ್ನಿ. ಜ್ವರ ನೋಡುವುದು ಇದಕ್ಕೆ ಆಗದು. ಬಿಸಿಲಿದ್ದ ದಿನದ ಸಂಜೆ, ಅಜ್ಜ ಅಜ್ಜಿ ಬಳಸುವ ಬಿಸಿನೀರಿನ ನಲ್ಲಿಯನ್ನು ಪೂರ್ತಿ ತೆರೆದು, ಎರಡು ಮೂರು ನಿಮಿಷ ಬಿಟ್ಟು ಅಳೆಯಿರಿ. 50 ದಾಟಿದ್ದರೆ ನೀರು ತುಂಬುವ ಹಬ್ಬದೊಳಗೆ ಪ್ಲಂಬರ್‌ನನ್ನು ಕರೆಸಿ.